ಹಳ್ಳದ ಎರಡು ದಂಡೆ

ಹವಾಲ್ದಾರ್ ಕಾಕಾರ ಮೀಸೆ ಕಡುಗಪ್ಪು. ಹುಬ್ಬು ಮಾತ್ರ ಹತ್ತಿ ಅಂಟಿಸಿದಂತೆ ಬೆಳ್ಳಗಿತ್ತು. ಒಂದೇ ಬೇಸಿಗೆಯಲ್ಲಿ ಅದು ಹಾಗಾಯಿತೆಂದು ಅವರ ಹೆಂಡತಿ, ನಾವು ಕಾಕು ಎಂದು ಕರೆಯುತ್ತಿದ್ದವರು, ನನ್ನ ತಾಯಿಯ ಬಳಿ ಹೇಳಿದ್ದರು.

ಮರಾಠಿ ಮಾತಿನ ಶಹರದಲ್ಲಿ, ಯೆರವಡಾ ದಾಟಿ ಊರು ಮುಗಿಯುವಲ್ಲಿದ್ದ ನಮ್ಮ ಸಾಲುಮನೆಗಳ ಚಾಳಿನಲ್ಲಿ ಅವರದು ಪಕ್ಕದ ಮನೆ. ವಿಜಾಪುರ ಕಡೆಯವರು. ನಳದ ಮುಂದೆ ಜಗಳವಾದರೆ ಖಾಕಿ ಅಂಗಿ ಕಳಚಿಟ್ಟೇ ಹೊರಗೆ ಬರುತ್ತಿದ್ದರು. ಇದು ಮನೀ ಮಾತು, ಠಾಣೆ ಮಾತಲ್ಲ ಎನ್ನುತ್ತಿದ್ದರು.

ಚಾಳಿನ ಹಿಂದಿನ ಹಳ್ಳವೇ ಆಗ ಎರಡು ಠಾಣೆಗಳ ಸರಹದ್ದು. ಈ ದಂಡೆ ಶಹರದ್ದು, ಆ ದಂಡೆ ಗ್ರಾಮೀಣದ್ದು. ತೊಂಬತ್ತರ ದಶಕದ ಒಂದು ಬೇಸಿಗೆಯಲ್ಲಿ, ಬೆಳಿಗ್ಗೆ, ಹಳ್ಳದ ನಡುಬಂಡೆಯ ಮೇಲೆ ಒಬ್ಬ ಹೆಂಗಸಿನ ಹೆಣ ಕಂಡಿತು. ಎರಡೂ ಠಾಣೆಯ ಸಾಹೇಬರು ಬಂದರು. ನಮ್ಮ ಹದ್ದಲ್ಲ ಎಂದರು ಇವರು, ನಮ್ಮದೂ ಅಲ್ಲ ಎಂದರು ಅವರು. ಮೇಲಿನಿಂದ ಹುಕುಂ ಬರುವವರೆಗೆ ಯಾರೂ ಮುಟ್ಟಕೂಡದೆಂದು ಹೇಳಿ ಕಾಕಾರನ್ನು ಕಾವಲಿಗೆ ಬಿಟ್ಟು ಹೋದರು. ಬಿಸಿಲೇರಿತು, ಹುಕುಂ ಬರಲಿಲ್ಲ. ಮಧ್ಯಾಹ್ನ ಕಾಕಾ ನೀರಿಗಿಳಿದು, ಬಂಡೆಯ ಮೇಲೆ, ದಂಡೆಯಲ್ಲಿ ನಿಂತು ನೋಡುತ್ತಿದ್ದ ನಮಗೆ ಬೆನ್ನು ಮಾಡಿ ಸ್ವಲ್ಪ ಹೊತ್ತು ಬಗ್ಗಿದ್ದು, ಆಕೆಯನ್ನು ಒಬ್ಬರೇ ಎತ್ತಿ ತಂದು ನಮ್ಮ ದಂಡೆಯ ಬೇವಿನ ನೆರಳಲ್ಲಿ ಮಲಗಿಸಿದರು. ಹದ್ದಿನ ತಕರಾರು ಅಲ್ಲಿಗೆ ಮುಗಿಯಿತು. ಹುಕುಂ ಮೀರಿದ್ದಕ್ಕೆ ಕಾಕಾ ಸಸ್ಪೆಂಡ್ ಆದರು. ಹಿಂದಿನ ರಾತ್ರಿಯೇ ಜೀವ ಹೋಗಿತ್ತೆಂದು ಡಾಕ್ಟರು ಹೇಳಿದರು. ಗುರುತು ಹಿಡಿದು ಯಾರೂ ಬರಲಿಲ್ಲ.

ನೌಕರಿ ಮರಳಿ ಸಿಕ್ಕ ಮೇಲೆ ಕಾಕಾ ರಜೆ ಸಿಕ್ಕಾಗಲೆಲ್ಲ ಕಟ್ಟಡ ಕೂಲಿಗಳ ಶೆಡ್ಡುಗಳನ್ನು ತಿರುಗತೊಡಗಿದರು, ಕನ್ನಡದವರ ಶೆಡ್ಡುಗಳನ್ನು ಮಾತ್ರ. ಆಕೆ ಕನ್ನಡದವಳೆಂದು ಹೇಗೆ ಗೊತ್ತು ಎಂದು ಒಮ್ಮೆ ಕೇಳಿದೆ.

"ಆಕಿ ಮಾತಾಡಿದ್ಲು," ಎಂದರು. ಚಪ್ಪಲಿ ಮೆಟ್ಟಿ ಹೊರಟುಬಿಟ್ಟರು.

ವರ್ಷಗಳು ಕಳೆದವು. ಆಚೆ ದಂಡೆಯ ಹಳ್ಳಿಗಳು ಶಹರಕ್ಕೆ ಸೇರಿದವು, ಹಳ್ಳ ಯಾರ ಸರಹದ್ದೂ ಅಲ್ಲವಾಯಿತು. ಆ ಪ್ರಕರಣ ಏನಾಯಿತೆಂದು ಹೊಸ ಠಾಣೆಯಲ್ಲಿ ಯಾರಿಗೂ ತಿಳಿದಿರಲಿಲ್ಲ. ನಿವೃತ್ತರಾದರೂ ಕಾಕಾ ತಿರುಗುವುದನ್ನು ಬಿಡಲಿಲ್ಲ. ಆಗ ನನ್ನ ಸ್ಕೂಟರಿನಲ್ಲಿ ನಾನೇ ಕರೆದೊಯ್ಯುತ್ತಿದ್ದೆ. ದೇಹೂ ರೋಡಿನ ಆಚೆ ಒಂದು ಶೆಡ್ಡಿನ ಮುಂದೆ ಯಾದಗಿರಿ ಕಡೆಯ ಮುದುಕಿಯೊಬ್ಬಳು ಜೋಳ ಹಸನು ಮಾಡುತ್ತಿದ್ದಳು. ನಾವಿನ್ನೂ ಬಾಯಿ ಬಿಟ್ಟಿರಲಿಲ್ಲ. ಆಕೆ ಮೊರ ಕೆಳಗಿಟ್ಟು ಕಾಕಾರನ್ನೇ ದಿಟ್ಟಿಸಿದಳು.

"ನನ್ನ ಮಗಳಿಗಿ ನೀರು ಕುಡಿಸಿದವರು ನೀವೇ ಏನ್ರಿ ಯಪ್ಪಾ?"

ಕಾಕಾ ಅಲ್ಲೇ ನೆಲದ ಮೇಲೆ ಕುಳಿತುಬಿಟ್ಟರು. "ಹೌದವ್ವಾ" ಎಂದರು.

ಕೆಲಸ ಹುಡುಕಿಕೊಂಡು ಹೋದ ಮಗಳು ಮರಳಿ ಬರಲಿಲ್ಲವಂತೆ. ಆಮೇಲೆ ಕನಸಿನಲ್ಲಿ ಬಂದು, ಒಬ್ಬ ಪೊಲೀಸಪ್ಪ ನೀರು ಕೊಟ್ಟ ಎಂದು ಹೇಳಿ ಹೋದಳಂತೆ. ನಾವು ಅಲ್ಲಿಗೆ ಹೋದ ದಿನ ಕಾಕಾ ಖಾಕಿಯಲ್ಲಿರಲಿಲ್ಲ, ಬಿಳಿ ಅಂಗಿಯಲ್ಲಿದ್ದರು.

ಮರಳುವಾಗ ಅವರು ನನ್ನ ಬೆನ್ನ ಹಿಂದಿನಿಂದ ಮೆಲ್ಲಗೆ ಹೇಳಿದರು. ಬಂಡೆಯ ಮೇಲಿಂದ ಆಕೆ ನೀರು ಕೇಳಿದ್ದಳು, ತಮ್ಮ ಬಾಟಲಿಯಿಂದ ಬಾಯಿಗೆ ಹಾಕಿದ್ದರು.

"ನಿಮ್ಮ ಕಾಕುಗೂ ಹೇಳಿಲ್ಲ."

ಮುಂದಿನ ವರ್ಷ ಕಾಕಾ ಹಾಸಿಗೆ ಹಿಡಿದರು. ಕೊನೆಯ ಸಂಜೆ ಕಾಕು ಮತ್ತು ನಾನು ಪಕ್ಕದಲ್ಲಿದ್ದೆವು. ಅವರು ಕಷ್ಟಪಟ್ಟು ಕಾಲು ಮಡಚಿ, ಮಂಚದ ತುದಿಯಲ್ಲಿ ಜಾಗ ಮಾಡಿ, ಬಾಗಿಲಿನ ಕಡೆ ನೋಡಿ "ಬಾ ತಂಗಿ, ಕೂಡು" ಎಂದರು. ಬಾಗಿಲಲ್ಲಿ ಯಾರೂ ಇರಲಿಲ್ಲ. ನಾನು ಎದ್ದು ಮುಚ್ಚಹೋದೆ. ಕಾಕು ನನ್ನ ಕೈ ಹಿಡಿದು ತಡೆದು, ಇನ್ನೊಂದು ಕದವನ್ನೂ ತೆರೆದಿಟ್ಟರು.