ಅಲಗಿಗಿಲ್ಲದ ಕಾನೂನು ಹಿಡಿಗೆ

ಹಲ್ಲಿನ ಡಾಕ್ಟರಾದವರು ಚಾಕು ಸಂಗ್ರಹಿಸಬಾರದು. ಸಂಗ್ರಹಿಸಿದರೂ ರೋಗಿಗಳು ಕಾಯುವ ಕೋಣೆಯಲ್ಲಿ ಇಡಬಾರದು. ಈ ಮಾತನ್ನು ನನಗೆ ಕಾಲೇಜಿನಲ್ಲಿ ಯಾರೂ ಹೇಳಿಕೊಡಲಿಲ್ಲ. ಸಾಗರದ ನನ್ನ ಕ್ಲಿನಿಕ್ಕಿನಲ್ಲಿ ನಾನೇ ಕಲಿತೆ. ಗೋಡೆಗೆ ಗಾಜಿನ ಪೆಟ್ಟಿಗೆ ಹೊಡೆಸಿ, ಒಳಗೆ ಹಸಿರು ಮಖಮಲ್ಲು ಹಾಸಿ, ನನ್ನ ಹಳೆಯ ಮಡಚು ಚಾಕುಗಳನ್ನೆಲ್ಲ ಅರ್ಧರ್ಧ ಬಿಚ್ಚಿ ಸಾಲಾಗಿ ಇಟ್ಟಿದ್ದೆ. ಅದೇ ವಾರ ದವಡೆ ಹಿಡಿದುಕೊಂಡು ಬಂದ ಒಬ್ಬ ಗಟ್ಟಿಮುಟ್ಟಾದ ಆಸಾಮಿ ಆ ಪೆಟ್ಟಿಗೆಯನ್ನೇ ಸ್ವಲ್ಪ ಹೊತ್ತು ನೋಡಿ, ನೋವು ಈಗ ಎಷ್ಟೋ ಕಡಿಮೆಯಾಗಿದೆ ಎಂದು ಹೇಳಿ ಎದ್ದು ಹೋದರು.

ಮನೆಗೆ ಒಯ್ಯೋಣವೆಂದರೆ ಅತ್ತೆ ಒಪ್ಪಲಿಲ್ಲ. ಚಾಕುವನ್ನು ಕೈಯಿಂದ ಕೈಗೆ ಕೊಟ್ಟರೇ ಜಗಳವಾಗುತ್ತದೆ, ನೆಲಕ್ಕಿಟ್ಟು ತೆಗೆದುಕೊಳ್ಳಬೇಕು ಎಂದು ನಂಬಿದವರು ಅವರು. ಒಂದು ಗೋಡೆ ತುಂಬ ಚಾಕು ತೂಗುಹಾಕಿದರೆ ಏನೇನಾದೀತು ಎಂಬುದನ್ನು ಅವರು ಬಾಯಿಬಿಟ್ಟು ಹೇಳಲೂ ಇಲ್ಲ.

ಹೆಂಗಸಿಗೆ, ಅದರಲ್ಲೂ ಡಾಕ್ಟರಿಗೆ, ಇದೆಂಥ ಹುಚ್ಚು ಎಂದು ನೀವು ಕೇಳಬಹುದು. ನನಗೂ ಸರಿಯಾಗಿ ಗೊತ್ತಿಲ್ಲ. ಓದುವಾಗ ಮಂಗಳೂರಿನ ಗುಜರಿ ಅಂಗಡಿಯೊಂದರಲ್ಲಿ ಒಂದು ಹಿತ್ತಾಳೆಯ ಚಾಕು ಸಿಕ್ಕಿತ್ತು. ಅಲಗನ್ನು ಮಡಚಿದಾಗ ಅದು ‘ಟಕ್’ ಎಂದು ಒಳಗೆ ಕೂತ ಸದ್ದು ಬಹಳ ಇಷ್ಟವಾಯಿತು. ಆಮೇಲೆ ಬಂದ ವೃತ್ತಿಯಲ್ಲಿ ದಿನವಿಡೀ ತೆರೆದ ಬಾಯಿಗಳನ್ನೇ ನೋಡುತ್ತ, ಇನ್ನೂ ಸ್ವಲ್ಪ ಅಗಲಿಸಿ ಎನ್ನುತ್ತ ಕೂರುವವಳಿಗೆ, ಹೇಳಿದ ಕೂಡಲೇ ಮುಚ್ಚಿಕೊಳ್ಳುವ ವಸ್ತುವಿನ ಮೇಲೆ ಪ್ರೀತಿ ಹುಟ್ಟಿದ್ದರಲ್ಲಿ ಆಶ್ಚರ್ಯವಿಲ್ಲ.

ನನ್ನ ಸಂಗ್ರಹದಲ್ಲಿ ಎಲ್ಲರ ಕಣ್ಣಿಗೆ ಬೀಳುತ್ತಿದ್ದುದು ಸೀತಮ್ಮನವರ ಚಾಕು. ಸೀತಮ್ಮ ಮಂಡಗದ್ದೆಯವರು. ಗಂಡ ತೀರಿಕೊಂಡ ಮೇಲೆ ಇಕ್ಕೇರಿಯಲ್ಲಿ ಮಗಳ ಮನೆಯಲ್ಲಿದ್ದಾರೆ. ಅವರಿಗೆ ಹಲ್ಲಿನ ಸೆಟ್ಟು ಮಾಡಿಕೊಟ್ಟಿದ್ದೆ. ಅದನ್ನು ಹಾಕಿಕೊಂಡು ಮೊದಲ ಬಾರಿಗೆ ಕಡುಬು ತಿಂದ ಸಂತೋಷದಲ್ಲಿ ಅವರು ಸೆರಗಿನ ಗಂಟಿನಿಂದ ಆ ಚಾಕು ಬಿಚ್ಚಿ ನನ್ನ ಮೇಜಿನ ಮೇಲಿಟ್ಟರು. ಯಜಮಾನರದ್ದು, ನಾಲ್ಕು ಜನ ನೋಡುವ ಕಡೆ ಇರಲಿ ಎಂದರು. ಕಂದುಬಣ್ಣದ, ಉಬ್ಬುತಗ್ಗಿನ ಚಂದದ ಹಿಡಿ. ಯಜಮಾನರು ತಾವೇ ಹೊಡೆದ ಕಡವೆಯ ಕೊಂಬಿನಿಂದ ಅದನ್ನು ಮಾಡಿಸಿದ್ದರಂತೆ. ಆ ಶಿಕಾರಿಯ ಕತೆ ಮಂಡಗದ್ದೆಯಲ್ಲಿ ಕೇಳದವರೇ ಇಲ್ಲವಂತೆ. ನಾನು ಹಿಗ್ಗಿ, ಮುದ್ದಾದ ಅಕ್ಷರದಲ್ಲಿ ‘ಕಡವೆ ಕೊಂಬಿನ ಹಿಡಿ, ಮಂಡಗದ್ದೆ’ ಎಂದು ಬರೆದು ಕೆಳಗೆ ಅಂಟಿಸಿದೆ. ಅಕ್ಷರ ಚೆನ್ನಾಗಿರುವುದು ಯಾವಾಗಲೂ ಒಳ್ಳೆಯದಕ್ಕಲ್ಲ.

ತೀರ್ಥಹಳ್ಳಿಯ ಗೆಳತಿಯೊಬ್ಬಳು ತನ್ನ ಕಾಲೇಜಿನಲ್ಲಿ ಹವ್ಯಾಸಗಳ ಪ್ರದರ್ಶನ ಏರ್ಪಡಿಸಿ, ಚಾಕು ತರಲು ನನ್ನನ್ನು ಕರೆದಳು. ನಾಣ್ಯದವರು, ಅಂಚೆಚೀಟಿಯವರು ಎಲ್ಲ ಕಡೆಯೂ ಇರುತ್ತಾರೆ, ಚಾಕುವಿನವಳು ನೀನೊಬ್ಬಳೇ ಎಂದು ಉಬ್ಬಿಸಿದಳು. ಒಪ್ಪಿಕೊಂಡ ಮೇಲೆ ನನಗೆ ಅನುಮಾನ ಶುರುವಾಯಿತು. ಇಷ್ಟು ಚಾಕು ಕಾರಿನಲ್ಲಿ ಹಾಕಿಕೊಂಡು ಹೋಗಬಹುದೇ? ಕಾನೂನು ಏನನ್ನುತ್ತದೆ?

ಪರಿಚಯದ ವಕೀಲರನ್ನು ಕೇಳಿದೆ. ಆಯುಧಗಳ ಕಾನೂನಿನಲ್ಲಿ ಅಲಗು ಒಂಬತ್ತು ಇಂಚಿಗಿಂತ ಉದ್ದ ಅಥವಾ ಎರಡು ಇಂಚಿಗಿಂತ ಅಗಲವಿದ್ದರೆ ಲೈಸೆನ್ಸಿನ ಮಾತು ಬರುತ್ತದೆ ಎಂದರು. ಹಾಗಾದರೆ ನಮ್ಮೂರಿನ ಕತ್ತಿಗಳೆಲ್ಲ ಅಪರಾಧವೇ ಎಂದೆ. ಅಲ್ಲ, ಮನೆಗೆಲಸಕ್ಕೆ, ತೋಟದ ಕೆಲಸಕ್ಕೆ ಎಂದು ಮಾಡಿದ್ದಾದರೆ ಪರವಾಗಿಲ್ಲ ಎಂದರು. ಅಂದರೆ ಒಂದೇ ಏಟಿಗೆ ಬಾಳೆಮರ ಉರುಳಿಸುವ ಕತ್ತಿ ನಿರಪರಾಧಿ. ಪೆನ್ಸಿಲ್ ಹೆರೆಯಲೂ ಒದ್ದಾಡುವ ನನ್ನ ಚಾಕುಗಳಿಗೆ ಮಾತ್ರ ಕೆಲಸ ಇಲ್ಲವಾದ್ದರಿಂದ ಸಂಶಯ. ಚಾಕುವಿಗೆ ನೂರು ವರ್ಷ ದಾಟಿದರೆ ಅದು ಪ್ರಾಚ್ಯವಸ್ತುವಾಗುತ್ತದೆ, ಅದಕ್ಕೆ ಇನ್ನೊಂದು ಕಾಯಿದೆ ಎಂದೂ ಸೇರಿಸಿದರು. ನನ್ನ ಚಾಕುಗಳ ವಯಸ್ಸು ನನಗೆ ಗೊತ್ತಿರಲಿಲ್ಲ. ಕೊನೆಗೆ ತೆಗೆದುಕೊಂಡು ಹೋಗಲೋ ಬೇಡವೋ ಎಂದು ನೇರವಾಗಿ ಕೇಳಿದೆ. ವಕೀಲರು ಕನ್ನಡಕ ಒರೆಸಿಕೊಂಡರು.

“ಅದು ಯಾರು ಕೇಳ್ತಾರೆ ಅನ್ನೋದ್ರ ಮೇಲೆ ಹೋಗುತ್ತೆ ಡಾಕ್ಟ್ರೇ.”

ಕೇಳಿದವರು ರಿಪ್ಪನ್‌ಪೇಟೆಯ ಹತ್ತಿರ ಸಿಕ್ಕರು. ಚುನಾವಣೆಯ ಕಾಲ. ರಸ್ತೆಗೆ ಬ್ಯಾರಿಕೇಡ್ ಅಡ್ಡ ಇಟ್ಟುಕೊಂಡು ಕಾರುಗಳ ಡಿಕ್ಕಿ ತೆಗೆಸಿ ನೋಡುತ್ತಿದ್ದರು. ನನ್ನ ಡಿಕ್ಕಿ ತೆಗೆದ ಪೊಲೀಸರು ಹುಡುಕುತ್ತಿದ್ದುದು ಸೀರೆ, ಕುಕ್ಕರು, ಹೆಂಡದ ಬಾಟಲಿ. ಸಿಕ್ಕಿದ್ದು ನಾನು ಗೋಡೆಯಿಂದ ಇಳಿಸಿ ತಂದ ಗಾಜಿನ ಪೆಟ್ಟಿಗೆ, ಅದರಲ್ಲಿ ಮಖಮಲ್ಲಿನ ಮೇಲೆ ಮಲಗಿದ ಚಾಕುಗಳು. ಹವ್ಯಾಸ ಎಂದು ನಾನು ವಿವರಿಸಿದೆ. ಯಾವ ಪಕ್ಷದ ಹವ್ಯಾಸ ಎಂದು ಹೆಡ್ ಕಾನ್‌ಸ್ಟೇಬಲ್ ವಿಚಾರಿಸಿದರು. ನಾನು ವಕೀಲರಿಂದ ಕಲಿತ ಒಂಬತ್ತು ಇಂಚಿನ ಪಾಠ ಒಪ್ಪಿಸಿದೆ. ಅವರಿಗೆ ನಂಬಿಕೆ ಬರದಿದ್ದರೂ ಎಲ್ಲಿಂದಲೋ ಸ್ಕೇಲು ತರಿಸಿ ಅಳೆಸಿದರು. ಒಂದೂ ಐದು ಇಂಚು ದಾಟಲಿಲ್ಲ. ಎಲ್ಲವೂ ಪಾಸು. ಹೋಗಿ ಎಂದು ಕೈ ಮಾಡುವಷ್ಟರಲ್ಲಿ, ಅದೇ ಡ್ಯೂಟಿಗೆ ಹಾಕಿದ್ದ ಒಬ್ಬ ಫಾರೆಸ್ಟ್ ಗಾರ್ಡ್ ಪೆಟ್ಟಿಗೆಯ ಮೇಲೆ ಬಗ್ಗಿದರು.

“ಮೇಡಂ, ಇದು ಕಡವೆ ಕೊಂಬು ಅಂತ ನೀವೇ ಬರ್ದೀರಲ್ಲ.”

ಹೌದು, ನಾನೇ ಬರೆದಿದ್ದೆ. ಎಷ್ಟು ದೂರದಿಂದ ನೋಡಿದರೂ ಓದಲು ಬರುವ ಹಾಗೆ ಬರೆದಿದ್ದೆ.

ಕಾಡುಪ್ರಾಣಿಯ ಕೊಂಬು, ಉಗುರು, ಚರ್ಮ ಇಟ್ಟುಕೊಳ್ಳುವುದಕ್ಕೆ ಅನುಮತಿಯ ಪತ್ರ ಬೇಕು. ಅದಿಲ್ಲದಿದ್ದರೆ ಕೊಟ್ಟವರದ್ದೂ ತಪ್ಪು, ತೆಗೆದುಕೊಂಡವರದ್ದೂ ತಪ್ಪು. ಇದನ್ನು ಗಾರ್ಡ್ ಬಹಳ ಮರ್ಯಾದೆಯಿಂದಲೇ ಹೇಳಿದರು. ಹಿಂದೆ ಇಂಗ್ಲೆಂಡಿನ ಶೆಫೀಲ್ಡಿನಲ್ಲಿ ಚಾಕು ಮಾಡುವವರು ಹಿಡಿಗೆಂದು ನಮ್ಮ ದೇಶದ ಕಡವೆಯ ಕೊಂಬನ್ನೇ ಹಡಗಿನಲ್ಲಿ ತರಿಸಿಕೊಳ್ಳುತ್ತಿದ್ದರು ಎಂದು ನಾನೆಲ್ಲೋ ಓದಿದ್ದೆ. ಆ ಗಳಿಗೆಯಲ್ಲಿ ಅದು ನೆನಪಾಯಿತು. ನನಗೆ ಅರ್ಥವಾಗದೆ ಉಳಿದದ್ದು ಒಂದೇ: ಕೊಯ್ಯುವ ಭಾಗಕ್ಕೆ ಯಾವ ಅಡ್ಡಿಯೂ ಇಲ್ಲ, ಹಿಡಿದುಕೊಳ್ಳುವ ಭಾಗಕ್ಕೆ ಜೈಲು!

ಆ ಚಾಕು ಅರಣ್ಯ ಇಲಾಖೆಯ ಕೈಗೆ ಹೋಯಿತು. ಉಳಿದವನ್ನು ತೀರ್ಥಹಳ್ಳಿಯಲ್ಲಿ ಪ್ರದರ್ಶನಕ್ಕಿಟ್ಟು ಬಂದೆ. ಮಕ್ಕಳು ಮೆಚ್ಚಿದರೋ ಇಲ್ಲವೋ ನನಗೆ ನೆನಪಿಲ್ಲ. ಮರುದಿನ ರೇಂಜರ್ ಕಚೇರಿಗೆ ಹೋದೆ. ರೇಂಜರ್ ಸಣ್ಣ ವಯಸ್ಸಿನವರು, ಸಮಾಧಾನದ ಮನುಷ್ಯ. ಕುರ್ಚಿ ಕೊಟ್ಟು, ಟೀ ತರಿಸಿ, ಆಮೇಲೆ ಮೆಲ್ಲಗೆ ಕೇಳಿದರು.

“ಇದನ್ನ ಯಾರು ಕೊಟ್ಟಿದ್ದು ಮೇಡಂ? ಅವರ ಹೆಸರು ಬೇಕಾಗುತ್ತೆ.”

ಟೀ ಲೋಟ ಕೆಳಗಿಟ್ಟೆ. ಸುಳ್ಳು ಹೇಳಲು ನನಗೆ ಬರುವುದಿಲ್ಲ. ನೋವಾಗುವುದಿಲ್ಲ ಎಂದು ರೋಗಿಗಳಿಗೆ ಹೇಳುವುದೊಂದನ್ನು ಬಿಟ್ಟರೆ. ನಿಜ ಹೇಳಿದರೆ, ಹಲ್ಲು ಬಂದ ಸಂತೋಷಕ್ಕೆ ಗಂಡನ ಗುರುತನ್ನೇ ತೆಗೆದುಕೊಟ್ಟ ಮುದುಕಿಯ ಮನೆ ಬಾಗಿಲಿಗೆ ಜೀಪು ಹೋಗುತ್ತದೆ. ಸತ್ತ ಯಜಮಾನರ ಶಿಕಾರಿಗೆ ಇಡೀ ಮಂಡಗದ್ದೆ ಸಾಕ್ಷಿ ಹೇಳುತ್ತದೆ. ಏನೂ ತೋಚದೆ, ಇದು ಕೊಂಬೇ ಹೌದೆಂದು ಖಾತ್ರಿಯಾಗಿದೆಯೇ ಎಂದು ಕೇಳಿದೆ. ಲ್ಯಾಬಿಗೆ ಕಳಿಸಬೇಕು, ಉತ್ತರ ಬರಲು ತಿಂಗಳುಗಟ್ಟಲೆ ಆಗಬಹುದು ಎಂದರು. ಆಗ ನನ್ನ ತಲೆಯಲ್ಲಿ ಏನೋ ಹೊಳೆಯಿತು. ಕಡವೆಯ ಕೊಂಬು ಎಂದರೆ ಮೂಳೆಯೇ. ಮೂಳೆಯನ್ನೂ ಹಲ್ಲನ್ನೂ ಕೊರೆದರೆ ಬರುವ ಸುಟ್ಟ ವಾಸನೆ, ಮದುವೆಮನೆಗೆ ಹೋದಾಗಲೂ ನನ್ನ ಮೂಗು ಬಿಟ್ಟು ಹೋಗುವುದಿಲ್ಲ. ಕ್ಲಿನಿಕ್ಕಿಗೆ ತಂದರೆ ಒಂದು ಸಣ್ಣ ತೂತು ಕೊರೆದು ನೋಡೋಣ, ಕೊಂಬಾದರೆ ಹೆಸರು ಹೇಳುತ್ತೇನೆ ಎಂದೆ.

ಈಗ ಗಲಿಬಿಲಿ ಅವರಿಗೆ. ಮುಟ್ಟುಗೋಲು ಹಾಕಿದ ವಸ್ತುವಿಗೆ, ಅದೂ ಆಪಾದನೆ ಇರುವವರ ಕೈಯಿಂದಲೇ, ತೂತು ಕೊರೆಸಬಹುದೇ? ಅವರು ಮೇಲಿನವರಿಗೆ ಫೋನು ಮಾಡಿದರು. ಮೇಲಿನವರು ಅವರಿಗಿಂತ ಮೇಲಿನವರಿಗೆ ಮಾಡಿದರು. ಹಾಗೆ ಮಾಡಬಾರದು ಎಂದು ಎಲ್ಲೂ ಬರೆದಿಲ್ಲ ಎಂಬಲ್ಲಿಗೆ ಅದು ಬಂದು ನಿಂತಿತು.

ಖಾಕಿ ಹಾಕಿದ ಇಬ್ಬರು ಒಂದು ಚಾಕು ಹಿಡಿದುಕೊಂಡು ನನ್ನ ಕ್ಲಿನಿಕ್ಕಿಗೆ ಬಂದಾಗ ಕಾಯುವ ಕೋಣೆ ಪೂರ್ತಿ ಖಾಲಿಯಾಯಿತು. ಚಾಕುವನ್ನು ಕುರ್ಚಿಯ ಪಕ್ಕದ ತಟ್ಟೆಯಲ್ಲಿಟ್ಟು, ದೀಪ ಹಾಕಿ, ಹಿಡಿಯ ತುದಿಯಲ್ಲಿ, ಮೊಳೆಯ ಪಕ್ಕ ಕಣ್ಣಿಗೆ ಬೀಳದ ಜಾಗದಲ್ಲಿ ಡ್ರಿಲ್ ಇಟ್ಟೆ. ಗುಂಯ್ ಎಂದಿತು. ಬಿಳಿಯ ಪುಡಿ ಬರಲಿಲ್ಲ. ಕಂದು ಬಣ್ಣದ ಎಳೆ ಸುರುಳಿಯಾಗಿ ಎದ್ದಿತು. ವಾಸನೆ ಬಂತು. ಅದು ನನಗೆ ಹಲ್ಲಿಗಿಂತಲೂ ಚೆನ್ನಾಗಿ ಗೊತ್ತಿದ್ದ ವಾಸನೆ. ಹಲ್ಲಿನ ಸೆಟ್ಟಿಗೆ ಗುಲಾಬಿ ವಸಡು ಮಾಡುತ್ತೇವಲ್ಲ, ಅದನ್ನು ಉಜ್ಜುವಾಗ ಬರುವ ವಾಸನೆಯ ಅಣ್ಣನೋ ತಮ್ಮನೋ ಅದು.

“ಪ್ಲಾಸ್ಟಿಕ್ಕು,” ಎಂದೆ.

ಗಾರ್ಡ್ ಮೂಸಿದರು. ರೇಂಜರ್ ಮೂಸಿದರು, ನಕ್ಕರು. ಇಲಾಖೆಗೆ ಪ್ಲಾಸ್ಟಿಕ್ ಕಡವೆಯ ಮೇಲೆ ಯಾವ ಆಸಕ್ತಿಯೂ ಇಲ್ಲವೆಂದು ಅಲ್ಲೇ ಬರೆದು, ನನ್ನ ಸಹಿ ಹಾಕಿಸಿಕೊಂಡು ಚಾಕು ವಾಪಸ್ ಕೊಟ್ಟರು. ನಾನು ಕುಣಿಯಬೇಕಿತ್ತು. ಒಂದು ಕ್ಷಣ ಕುಣಿದೆ ಕೂಡ. ಆಮೇಲೆ ಯೋಚನೆ ಹತ್ತಿತು. ಸೀತಮ್ಮನವರನ್ನು ಜೀಪಿನಿಂದ ಉಳಿಸಿದೆ, ಸರಿ. ಅವರ ಯಜಮಾನರನ್ನು ಏನು ಮಾಡಿದೆ? ಮಂಡಗದ್ದೆಯ ಶಿಕಾರಿಯನ್ನು ನಾನೇ, ನನ್ನದೇ ಡ್ರಿಲ್ಲಿನಿಂದ ಹೊಡೆದು ಉರುಳಿಸಿದ್ದೆ. ಹೇಳದೆ ಇದ್ದರೆ ಮೋಸ, ಹೇಳಿದರೆ ಕ್ರೌರ್ಯ. ಎರಡು ದಿನ ಚಾಕುವನ್ನು ಚೀಲದಲ್ಲೇ ಇಟ್ಟುಕೊಂಡು ತಿರುಗಿದೆ. ಊರಿನ ಸುದ್ದಿ ನನಗಿಂತ ಮುಂಚೆ ಇಕ್ಕೇರಿ ಮುಟ್ಟೀತೆಂದು ಹೆದರಿ ಒಂದು ಸಂಜೆ ಹೊರಟೆ.

ಸೀತಮ್ಮ ಅಂಗಳದ ಪೇರಲೆ ಮರದ ಕೆಳಗೆ ಕೂತಿದ್ದರು. ಮಗಳು ಕಾಫಿ ಮಾಡಲು ಒಳಗೆ ಹೋದಳು. ನಾನು ಚೆಕ್‌ಪೋಸ್ಟಿನಿಂದ ಹಿಡಿದು ಕತೆ ಹೇಳುತ್ತ, ತೂತಿನ ಹತ್ತಿರ ಬಂದಾಗ ತಡವರಿಸಿದೆ. ಕೊನೆಗೆ ಹೇಳಿಬಿಟ್ಟೆ. ಅವರು ಚಾಕು ತೆಗೆದುಕೊಂಡು ಹಿಡಿಯನ್ನು ಹೆಬ್ಬೆರಳಿನಿಂದ ಸವರಿದರು.

“ಅವ್ರು ಕಡವೆ ಹೊಡೀಲಿಲ್ಲ ಅಂತ ನಂಗೆ ಗೊತ್ತಿತ್ತು ಡಾಕ್ಟ್ರಮ್ಮ,” ಎಂದರು. “ಕೋವಿ ಸದ್ದು ಕೇಳಿದ್ರೆ ಎರಡೂ ಕಿವಿ ಮುಚ್ಕೊಳ್ಳೋರು. ಎಲ್ರ ಜೊತೆ ಒಂದ್ಸಲ ಕಾಡಿಗೆ ಹೋಗಿ ಬರಿಗೈಲಿ ಬಂದ್ರು, ಜನ ನಗಾಡಿದ್ರು. ಆಮೇಲೆ ಈ ಚಾಕು ಬಂತು, ಕತೆ ಬಂತು. ಆದ್ರೆ ಕೊಂಬಾದ್ರೂ ನಿಜ ಅಂದ್ಕಂಡಿದ್ದೆ ನೋಡಿ.”

ಆಮೇಲೆ ಅವರೇ ಕೇಳಿದರು, ಕಡವೆ ಹೊಡೆದರೆ ಈಗ ಏನು ಶಿಕ್ಷೆ ಎಂದು. ಜೈಲು ಎಂದೆ.

“ಹೊಡ್ದೆ ಅಂತ ಸುಳ್ಳು ಹೇಳಿದ್ರೆ?”

ಯೋಚಿಸಿದೆ. ನನಗೆ ಗೊತ್ತಿದ್ದ ಯಾವ ಕಾಯಿದೆಯಲ್ಲೂ ಅದು ಇರಲಿಲ್ಲ. ಅದಕ್ಕೇನೂ ಇಲ್ಲ ಎಂದೆ.

“ಹಂಗಾದ್ರೆ ಅವ್ರು ಬಚಾವಾದ್ರು ಬಿಡಿ,” ಎಂದು ನಾನು ಮಾಡಿಕೊಟ್ಟ ಹಲ್ಲೆಲ್ಲ ಕಾಣುವ ಹಾಗೆ ನಕ್ಕರು.

ಆಮೇಲೆ ಮಡಿಲಲ್ಲಿದ್ದ ಒಂದು ಪೇರಲೆ ಹಣ್ಣು ತೆಗೆದು, ಅದೇ ಚಾಕು ಬಿಚ್ಚಿ ಎರಡು ಹೋಳು ಮಾಡಿದರು. ಇಷ್ಟು ವರ್ಷ ಇದರಲ್ಲಿ ಒಂದು ಹಣ್ಣನ್ನೂ ಕೊಯ್ದಿರಲಿಲ್ಲವಂತೆ. ಒಂದು ಜೀವದ ಕೊಂಬು ಹಿಡಿದುಕೊಂಡು ತಿನ್ನುವುದನ್ನು ಕೊಯ್ಯಲು ಮನಸ್ಸು ಬರುತ್ತಿರಲಿಲ್ಲವಂತೆ. ಯಜಮಾನರಿಗೆ ಹಾಗೆಂದು ಹೇಳಲೂ ಆಗುತ್ತಿರಲಿಲ್ಲ. ಹೇಳಿದರೆ ಕತೆಗೆ ಭಂಗ. ಒಂದು ಹೋಳು ನನಗೆ ಕೊಟ್ಟರು. ಚಾಕುವನ್ನು ಸೆರಗಿಗೆ ಒರೆಸಿ, ಮಡಚಿ, ಮಾತಾಡುತ್ತ ಮಾತಾಡುತ್ತ ತಮ್ಮ ಸೊಂಟಕ್ಕೆ ಸಿಕ್ಕಿಸಿಕೊಂಡರು.

ನನಗೆ ಕೊಟ್ಟಿದ್ದನ್ನು ಅವರು ವಾಪಸ್ ತೆಗೆದುಕೊಂಡರೋ, ಬರೀ ಮರೆತರೋ ನನಗೆ ಇವತ್ತಿಗೂ ಗೊತ್ತಿಲ್ಲ. ಕೇಳಬಹುದಿತ್ತು. ಆದರೆ ಬಾಯಲ್ಲಿ ಪೇರಲೆ ಇತ್ತು, ಬೀಜವೊಂದು ಹಲ್ಲಿನ ಸಂದಿಯಲ್ಲಿ ಸಿಕ್ಕಿಕೊಂಡಿತ್ತು. ಅದನ್ನು ನಾಲಿಗೆಯಿಂದ ಬಿಡಿಸುತ್ತ ಸುಮ್ಮನೆ ಕೂತೆ.