ನೇರಲಗುಂಡಿಯ ದಾರಿ

ಸೈಕಲ್ ಟ್ಯೂಬಿಗೆ ಹಚ್ಚುವ ಸೊಲ್ಯೂಷನ್ನಿನ ವಾಸನೆ ಎಲ್ಲಿ ಬಂದರೂ ನನ್ನ ಕಾಲು ತನ್ನಷ್ಟಕ್ಕೆ ನಿಲ್ಲುತ್ತದೆ. ಮೊನ್ನೆ ಪೇಟೆಯಲ್ಲಿ ಒಬ್ಬಾತ ಟ್ಯೂಬನ್ನು ಬಾಂಡಲೆಯ ನೀರಿನಲ್ಲಿ ಮುಳುಗಿಸಿ ಗುಳ್ಳೆ ಹುಡುಕುತ್ತಿದ್ದ. ತರಕಾರಿ ಚೀಲ ಕೆಳಗಿಟ್ಟು ಅಲ್ಲೇ ನಿಂತುಬಿಟ್ಟೆ. ಅವನು ತಲೆಯೆತ್ತಿ, "ಎಂತ ಬೇಕಿತ್ತು ಅಕ್ಕಾ?" ಎಂದ. ಏನು ಬೇಕಿತ್ತು ಎಂದು ಹೇಳಲಿ? ಶಿರಸಿಯ ಒಂದು ಓಣಿಯಲ್ಲಿದ್ದ ನಮ್ಮ ಮನೆಯ ಜಗಲಿ ಬೇಕಿತ್ತು, ಶನಿವಾರ ಸಂಜೆ ಅಲ್ಲಿ ಸೈಕಲ್ಲನ್ನು ತಲೆಕೆಳಗು ನಿಲ್ಲಿಸಿ ಚೈನಿಗೆ ಎಣ್ಣೆ ಬಿಡುತ್ತಿದ್ದ ಚಿಕ್ಕಪ್ಪ ಬೇಕಿತ್ತು, ಕಂಬಕ್ಕೊರಗಿ ಹೂಬತ್ತಿ ಹೊಸೆಯುತ್ತ ಅವನನ್ನು ನೋಡಿಯೂ ನೋಡದ ಹಾಗೆ ಕೂತಿರುತ್ತಿದ್ದ ಅಜ್ಜಿ ಬೇಕಿತ್ತು. ಏನೂ ಬೇಡ ಎಂದು ಚೀಲ ಎತ್ತಿಕೊಂಡು ಬಂದೆ.

ಚಿಕ್ಕಪ್ಪ ಒಂದು ಕಚೇರಿಯಲ್ಲಿ ಗುಮಾಸ್ತ. ಮದುವೆ ಆಗಿರಲಿಲ್ಲ. ಆದಿತ್ಯವಾರ ಬೆಳಗಾಯಿತೆಂದರೆ ಅವಲಕ್ಕಿ ಡಬ್ಬಿಯನ್ನು ಕ್ಯಾರಿಯರಿಗೆ ಕಟ್ಟಿಕೊಂಡು ಹೊರಟುಬಿಡುತ್ತಿದ್ದ. ಎಲ್ಲಿಗೆ ಎಂದು ಯಾರೂ ಕೇಳುವ ಹಾಗಿರಲಿಲ್ಲ. ನಿಮ್ಮ ಮನೆಯಲ್ಲೂ ಹೇಳುತ್ತಿದ್ದರೇನೋ, ಹೊರಟವರನ್ನು ಎಲ್ಲಿಗೆ ಎಂದು ಕೇಳಬಾರದು ಎಂದು. ಹೆಚ್ಚಿನ ಮನೆಗಳಲ್ಲಿ ಅದು ಬಾಯಿಮಾತಿನ ಶಾಸ್ತ್ರ, ಕೇಳಿದರೆ ಒಂದು ಗದರಿಕೆ, ಅಷ್ಟೇ. ನಮ್ಮ ಮನೆಯಲ್ಲಿ ಹಾಗಲ್ಲ. ಆ ಮಾತು ಬಾಯಿಂದ ಬಿದ್ದರೆ ಅಜ್ಜಿ ಆ ಹೊತ್ತು ಊಟ ಬಿಡುತ್ತಿದ್ದಳು. ಅವಳು ಕೇಳುತ್ತಿದ್ದದ್ದು ಒಂದೇ, "ದೂರನ?" ಚಿಕ್ಕಪ್ಪ ಕೊಡುತ್ತಿದ್ದ ಉತ್ತರವೂ ಒಂದೇ, "ಇಲ್ಲೇ ಆಯಿ, ಬತ್ತೆ." ನಮ್ಮ ಕಡೆ ತಾಯಿಗೆ ಆಯಿ ಎನ್ನುತ್ತೇವೆ. ಈ 'ಇಲ್ಲೇ' ಕೆಲವು ಸಲ ಅರವತ್ತು ಮೈಲಿ ಆಗುತ್ತಿತ್ತು ಎಂಬುದು ಬೇರೆ ಮಾತು.

ನನಗೋ ತಲೆಯಲ್ಲಿ ಹುಳ ಬಿಟ್ಟ ಹಾಗೆ. ಕೇಳಬಾರದು ಎಂದರೆ ತಿಳಿಯಬಾರದು ಎಂದೇನಲ್ಲವಲ್ಲ. ಅವನು ಬಂದು ಬಚ್ಚಲಿಗೆ ಹೋದ ತಕ್ಷಣ ನಾನು ಸೈಕಲ್ಲಿನ ಹತ್ತಿರ ಕೂರುತ್ತಿದ್ದೆ. ಮಡ್‌ಗಾರ್ಡಿನ ಒಳಗೆ ಬೆರಳು ಹಾಕಿ ಮಣ್ಣು ಕೆರೆದು ನೋಡುವುದು. ಗದ್ದೆಯ ಕಪ್ಪು ಮಣ್ಣು ಮೆತ್ತಿದ್ದರೆ ದಾಸನಕೊಪ್ಪದ ಕಡೆ. ಕಲ್ಲುಪುಡಿ ಬೆರೆತ ಕೆಂಪು ಧೂಳಾದರೆ ವಾನಳ್ಳಿಯ ಕಡೆ. ಎರಡು ದಿನ ರಜೆ ಸಿಕ್ಕಾಗ ಯಲ್ಲಾಪುರ ದಾಟಿ ಕಿರವತ್ತಿಯವರೆಗೂ ಹೋಗುತ್ತಿದ್ದ. ಅದಕ್ಕೆ ಮಣ್ಣು ನೋಡುವ ಅಗತ್ಯವೇ ಇರಲಿಲ್ಲ, ಅಂಗಿ ಮೂಸಿದರೆ ಢಾಬಾದ ಬೆಳ್ಳುಳ್ಳಿ ಒಗ್ಗರಣೆ ಘಮ್ಮೆನ್ನುತ್ತಿತ್ತು. ಬೆಳ್ಳುಳ್ಳಿ ಒಳಗೆ ಬಾರದ ಮನೆ ನಮ್ಮದು. ಅಜ್ಜಿಗೂ ಆ ವಾಸನೆ ಬರದೇ ಇರಲಿಲ್ಲ, ಆದರೆ ಅದರ ಬಗ್ಗೆ ಕೇಳಿದರೆ ಎಲ್ಲಿಗೆ ಎಂದು ಕೇಳಿದಂತೆಯೇ ಅಲ್ಲವೇ, ಸುಮ್ಮನೆ ಮೂಗು ಮುರಿಯುತ್ತಿದ್ದಳು. ಹೆಚ್ಚಾಗಿ ಮಾತ್ರ ಸಿಗುತ್ತಿದ್ದದ್ದು ಹೊಳೆಯ ಸಣ್ಣ ಮರಳು, ಪ್ಯಾಂಟಿನ ಮಡಿಕೆಯಲ್ಲಿ, ಚಪ್ಪಲಿಯ ಪಟ್ಟಿಯಲ್ಲಿ. ಇವನು ಎಲ್ಲಿಗೆ ಹೋದರೂ ಕೊನೆಗೆ ಹೊಳೆಗೇ ಯಾಕೆ ಇಳಿಯುತ್ತಾನೆ ಎಂಬುದೊಂದು ನನಗೆ ಬಗೆಹರಿಯಲಿಲ್ಲ.

ಎಂಟನೇ ಇಯತ್ತೆಯ ರಜೆಯಲ್ಲಿ ನನಗೂ ಒಂದು ಹಳೇ ಸೈಕಲ್ ಸಿಕ್ಕಿತು. ಹಟ ಹಿಡಿದು ಚಿಕ್ಕಪ್ಪನ ಬೆನ್ನು ಹತ್ತಿದೆ. ಸಿದ್ದಾಪುರದ ಟಾರು ರಸ್ತೆ ಬಿಟ್ಟು ಅಘನಾಶಿನಿಯ ಕಣಿವೆಗೆ ಇಳಿಯುವ ಮಣ್ಣುದಾರಿ ಅದು. ಇಳಿಜಾರಿನಲ್ಲಿ ಬ್ರೇಕು ಹಿಡಿದು ಹಿಡಿದು ಬೆರಳು ಸೆಟೆದುಕೊಂಡವು. ಕಾಡು ಎಷ್ಟು ದಟ್ಟವಾಗಿತ್ತೆಂದರೆ ಹೊಳೆ ಮೊದಲು ಕಿವಿಗೆ ಬಂತು, ಕಣ್ಣಿಗೆ ಬರಲು ಮತ್ತೆ ಅರ್ಧ ತಾಸು ಬೇಕಾಯಿತು. ಚಿಕ್ಕಪ್ಪ ಕಂಡ ಕಂಡ ಮನೆಯ ಮುಂದೆ ಇಳಿಯುತ್ತಿದ್ದ. ನೀರು ಕೇಳುವ ನೆಪ. ಕುಡಿದಾದ ಮೇಲೆ, "ಮೊದಲೆಲ್ಲ ಇಲ್ಲಿ ಹೊಳೆ ಎಲ್ಲಿ ದಾಟ್ತಿದ್ರು?" ಎಂದು ಕೇಳುತ್ತಿದ್ದ. ನಾಲ್ಕು ಮನೆಯಲ್ಲೂ ಅದೇ ಪ್ರಶ್ನೆ. ಐದನೆಯ ಮನೆಯ ಗೌಡರು ಎಲೆಗೆ ಸುಣ್ಣ ಹಚ್ಚುತ್ತ ನಕ್ಕರು. "ಹೆಗಡೇರೆ, ಸಂಕ ಇಲ್ಲದ ಜಾಗ ಯಾವ್ದು ಹೇಳಿ? ಮರ ಅಡ್ಡ ಹಾಕಿ ಕಟ್ಟೋದು, ಮಳೆಗಾಲಕ್ಕೆ ಹೊಳೆ ಅದನ್ನ ತಗೊಂಡು ಹೋಗೋದು, ಮತ್ತೆ ಕಟ್ಟೋದು. ಎಷ್ಟು ಸಂಕ ಅಂತ ಲೆಕ್ಕ ಇಡ್ತೀರಿ?" ಚಿಕ್ಕಪ್ಪನೂ ನಕ್ಕ, ಆದರೆ ಮುಖ ಸಪ್ಪಗಾಗಿತ್ತು. ಸ್ವಲ್ಪ ಕೆಳಗೆ ಹೊಳೆಯ ನಡುವೆ ಚಪ್ಪಟೆ ಬಂಡೆಯಿತ್ತು. ಅಲ್ಲಿ ಕೂತು ನೀರಿಗೆ ಕಾಲು ಬಿಟ್ಟುಕೊಂಡು ಅವಲಕ್ಕಿ ತಿಂದೆವು. ಈ ಜಾಗದ ಹೆಸರು ನೇರಲಗುಂಡಿ, ಇಲ್ಲಿಗೆ ಬಂದರೆ ತನಗೆ ಎದ್ದು ಹೋಗಲು ಮನಸ್ಸೇ ಬರುವುದಿಲ್ಲ ಎಂದ ಅವನು.

ಅಲ್ಲಿಯೇ ನನಗೆ ವಿಷಯ ಹೇಳಿದ. ಅಜ್ಜ ಹೊಳೆ ಪಾಲಾದದ್ದು ನನಗೆ ಗೊತ್ತಿತ್ತು. ಒಂದು ಆಷಾಢದಲ್ಲಿ ಮನೆಯಿಂದ ಹೊರಟವನು ಸಂಕ ದಾಟುವಾಗ ಕೊಚ್ಚಿಹೋದ, ಕೊಡೆಯೊಂದೇ ಸಿಕ್ಕಿತು. ಚಿಕ್ಕಪ್ಪ ಆಗ ಅಜ್ಜಿಯ ಹೊಟ್ಟೆಯಲ್ಲಿ, ನನ್ನ ಅಪ್ಪ ಇನ್ನೂ ತೊಟ್ಟಿಲ ಕೂಸು. ಹೊರಡುವಾಗ ಅಜ್ಜಿ ಹಿಂದಿನಿಂದ ಎಲ್ಲಿಗೆ ಎಂದು ಕೇಳಿದ್ದಳಂತೆ. ಕೇಳಿದ್ದರಿಂದಲೇ ಹೋದ ಎಂದು ಜನ ಆಡಿಕೊಂಡರು, ಅವಳೂ ನಂಬಿದಳು. ಆಮೇಲೆ ಆ ಹೊಳೆಯ, ಆ ಊರಿನ ಹೆಸರು ಮನೆಯಲ್ಲಿ ಯಾರೂ ಎತ್ತಲಿಲ್ಲ. ಹುಡುಕಲು ಹೋಗಿದ್ದ ಹಿರಿಯರು ಒಬ್ಬೊಬ್ಬರೇ ತೀರಿಕೊಂಡರು. ಅಪ್ಪನನ್ನು ಒಂದು ಸಲವೂ ನೋಡದ ಮಗನಿಗೆ ಉಳಿದದ್ದು 'ಹೊಳೆ' ಎಂಬ ಒಂದು ಶಬ್ದ. ಬೇಡ್ತಿಯೋ, ವರದೆಯೋ, ಅಘನಾಶಿನಿಯೋ? ಆ ಜಾಗದಲ್ಲಿ ಒಂದು ಸಲ ನಿಲ್ಲಬೇಕು, ಅಷ್ಟೇ ಅವನ ಆಸೆ. ಅದಕ್ಕಾಗಿ ಹನ್ನೆರಡು ವರ್ಷ ಮೂರು ತಾಲೂಕು ತುಳಿದಿದ್ದ. ಅಜ್ಜಿಯನ್ನು ಕೇಳಬಾರದೇ ಎಂದೆ. "ಕೇಳ್ಲಾಗ," ಎಂದು ಡಬ್ಬಿ ಮುಚ್ಚಿದ.

ಅದೇ ಬೇಸಿಗೆ ಅಜ್ಜಿ ಹಾಸಿಗೆ ಹಿಡಿದಳು. ಜ್ವರ ಬಿಟ್ಟಿತು, ಶಕ್ತಿ ಬರಲಿಲ್ಲ. ಒಂದು ಆದಿತ್ಯವಾರ ಮಧ್ಯಾಹ್ನ ಗಂಜಿ ಕುಡಿಸುತ್ತಿದ್ದಾಗ ನನ್ನ ಕೈ ಹಿಡಿದುಕೊಂಡಳು. "ಅಂವ ಎಲ್ಲಿಗೆ ಹೋಗ್ತ ಹೇಳಿ ನಿಂಗೆ ಗೊತ್ತಿದ್ದಾ ಕೂಸೆ?" ಗಂಜಿ ಬಟ್ಟಲನ್ನು ಕೆಳಗಿಟ್ಟೆ. ಸುಳ್ಳು ಹೇಳಲು ಬಾಯಿ ಬರಲಿಲ್ಲ. ಮಣ್ಣು, ಮರಳು, ಗೌಡರ ಮನೆ, ಬಂಡೆ ಎಲ್ಲ ಹೇಳಿದೆ. ಅಜ್ಜ ದಾಟಿದ ಜಾಗ ಹುಡುಕುತ್ತಿದ್ದಾನೆ ಎಂದೂ ಹೇಳಿಬಿಟ್ಟೆ. ಕೇಳಿದ್ದಕ್ಕೆ ಅಜ್ಜ ಉತ್ತರ ಕೊಟ್ಟೇ ಹೋಗಿದ್ದನಲ್ಲ, ಆ ಉತ್ತರವನ್ನು ಅವಳು ಅಷ್ಟು ವರ್ಷ ಹೊಟ್ಟೆಯಲ್ಲಿ ಇಟ್ಟುಕೊಂಡಿದ್ದಳು. "ನೇರಲಗುಂಡಿ," ಎಂದಳು. "ಎಮ್ಮೆ ನೋಡಲೆ."

ಸಂಜೆ ಚಿಕ್ಕಪ್ಪ ಸೈಕಲ್ ಒರಗಿಸುವ ಮೊದಲೇ ಓಡಿಹೋಗಿ ಹೇಳಿದೆ. ಅವನು ಮೆಟ್ಟಿಲ ಮೇಲೆ ಕೂತ. "ಅಲ್ಲಿ ಕೂತು ಎಷ್ಟು ಸಲ ಉಂಡಿದ್ದಿ ಆನು," ಎಂದ. ತಾನು ಅಲ್ಲೇ ಕೂತು ಉಂಡದ್ದನ್ನೇ ಮತ್ತೆ ಮತ್ತೆ ಹೇಳಿದ. ಒಳಗೆ ಹೋಗಿ ತಾಯಿಯ ಕಾಲ ಬಳಿ ಕೂತ, ಇಬ್ಬರೂ ಅದರ ಸುದ್ದಿ ಎತ್ತಲಿಲ್ಲ. ಒಂದೇ ಸೂರಿನಡಿ ಒಬ್ಬಳಿಗೆ ಗೊತ್ತಿದ್ದದ್ದನ್ನು ಇನ್ನೊಬ್ಬ ಊರೂರು ಸುತ್ತಿ ಹುಡುಕಿದ್ದನಲ್ಲ ಎಂದು ನನಗೆ ಅಳುವೂ ಸಿಟ್ಟೂ ಒಟ್ಟಿಗೇ ಬಂದವು. ಈಗಲೂ ಬರುತ್ತವೆ.

ಆ ಮನೆ ಈಗಿಲ್ಲ, ಅಲ್ಲಿ ಮೊಬೈಲ್ ಅಂಗಡಿಗಳ ಸಾಲು. ಇಬ್ಬರೂ ಹೋಗಿ ಎಷ್ಟೋ ಕಾಲವಾಯಿತು. ಸಂಕಗಳಿದ್ದ ಕಡೆ ಸಿಮೆಂಟಿನ ಸೇತುವೆ ಬಂದಿದೆ, ದಾಟುವವರು ಗಾಡಿಯ ಗಾಜು ಸಹ ಇಳಿಸುವುದಿಲ್ಲ. ನನಗೆ ಉಳಿದದ್ದು ಅಜ್ಜಿ ಆ ಹೆಸರು ಹೇಳಿದ ಮುಂದಿನ ಆದಿತ್ಯವಾರ. ಚಿಕ್ಕಪ್ಪ ಹೊಸಿಲು ದಾಟುತ್ತಿದ್ದ. ಅಜ್ಜಿ ಗೋಡೆ ಹಿಡಿದುಕೊಂಡು ಜಗಲಿಗೆ ಬಂದು, "ಎಲ್ಲಿಗೆ ಹೊಂಟ್ಯ?" ಎಂದಳು. ಮನೆಯಲ್ಲಿ ಎಲ್ಲರೂ ನಿಂತಲ್ಲೇ ನಿಂತೆವು. ಚಿಕ್ಕಪ್ಪ ತಿರುಗಿ, "ನೇರಲಗುಂಡಿಗೆ ಆಯಿ," ಎಂದು ಹೊರಟ. ಆ ಇಡೀ ದಿನ ಅವಳು ಜಗಲಿ ಬಿಟ್ಟು ಏಳಲಿಲ್ಲ, ತೊಟ್ಟು ನೀರು ಮುಟ್ಟಲಿಲ್ಲ. ಬಿಸಿಲು ಇಳಿಯುವ ಹೊತ್ತಿಗೆ ಓಣಿಯ ತಿರುವಿನಲ್ಲಿ ಸೈಕಲ್ ಕಂಡಿತು. ಅವನು ಹತ್ತಿರ ಬಂದ ಮೇಲೆ ಕೇಳಿದಳು.

"ನೀರು ಎಷ್ಟಿದ್ದು?"

"ಮೊಣಕಾಲಿಗೂ ಬತ್ತಿಲ್ಲೆ ಆಯಿ."

ಅವಳು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ಅವಳು ಅತ್ತದ್ದನ್ನು ನಾನು ನೋಡಿದ್ದು ಆವತ್ತೇ. ಆಮೇಲೆ ಕಣ್ಣೊರೆಸಿಕೊಂಡು, ಅಜ್ಜ ನೋಡಲು ಹೊರಟಿದ್ದ ಎಮ್ಮೆ ಯಾರ ಮನೆಯದಾಗಿತ್ತು, ಕೇಳಿದೆಯಾ ಎಂದಳು. ಚಿಕ್ಕಪ್ಪನಿಗೆ ಅದು ಹೊಳೆದೇ ಇರಲಿಲ್ಲ.

"ಹೋಗು," ಎಂದಳು ಅಜ್ಜಿ, "ಬಪ್ಪ ಆದಿತ್ಯವಾರ ಕೇಳ್ಕ ಬಾ."