ಕೌದಿಯ ಅಳತೆ

ವರ್ಷಗಟ್ಟಲೆ ಶಿರಸಿಯ ಶಾಲೆಯಲ್ಲಿ ಮಕ್ಕಳಿಗೆ ಇಂಗ್ಲಿಷ್ ಕಲಿಸಿದ ತಪ್ಪಿಗೆ, ನಿವೃತ್ತಿಯಾದ ಮೇಲೆ ನಮ್ಮ ಚರ್ಚಿನವರು ನನ್ನನ್ನು ದುಭಾಷಿ ಮಾಡಿಬಿಟ್ಟರು. ಚಳಿಗಾಲ ಬಂತೆಂದರೆ ಹೊರದೇಶದ ಸಭೆಯೊಂದರಿಂದ ಒಂದು ತಂಡ ಸೇವೆಗೆಂದು ಬರುತ್ತದೆ. ಯಲ್ಲಾಪುರದ ಕಾಡಂಚಿನ ಸಿದ್ದಿ ಕೇರಿಗಳಲ್ಲಿ ಮಕ್ಕಳಿಗೆ ಹಾಡು, ಆಟ, ಔಷಧಿ. ವಾರ ಕಳೆದರೆ ವಾಪಸು. ಒಳ್ಳೆಯ ಜನವೇ. ಬಿಸಿಲಿಗೆ ಕೆಂಪಾಗಿ, ಸೊಳ್ಳೆ ಕಚ್ಚಿಸಿಕೊಂಡು, ಕೊಟ್ಟದ್ದು ತಿಂದು ನಗುತ್ತಿರುತ್ತಾರೆ. ಆದರೆ ಸಿಕ್ಕಸಿಕ್ಕ ಮಗುವನ್ನೆಲ್ಲ ಎತ್ತಿಕೊಂಡು ಫೋಟೊ ತೆಗೆಸಿಕೊಳ್ಳುವುದು ಕಂಡರೆ ನನಗೆ ಮೈ ಉರಿಯುತ್ತದೆ.

ಈ ಸಲದ ತಂಡದಲ್ಲಿ ಒಬ್ಬಳು ಡಾಕ್ಟರ್ ಇದ್ದಳು. ಫೋಟೊದ ಗೊಡವೆಗೆ ಹೋಗದವಳು. ಅಂಗನವಾಡಿಯ ಜಗಲಿಯಲ್ಲಿ ಮಕ್ಕಳನ್ನು ನೋಡುತ್ತಿದ್ದಾಗ ಒಬ್ಬ ಸಿದ್ದಿ ಅಜ್ಜಿ ಮೊಮ್ಮಗಳನ್ನು ಕರೆತಂದಳು. ತಾಯಿ ತೀರಿಕೊಂಡ ಹುಡುಗಿ; ಒಂಬತ್ತು ವರ್ಷವಂತೆ, ನೋಡಿದರೆ ಆರು ಅನ್ನಬೇಕು. ಸ್ವಲ್ಪ ಓಡಿದರೆ ಕುಕ್ಕರುಗಾಲಲ್ಲಿ ಕೂತುಬಿಡುತ್ತಾಳೆ, ತುಟಿ ನೀಲಿಯಾಗುತ್ತದೆ ಎಂದಳು ಅಜ್ಜಿ. ಡಾಕ್ಟರ್ ಹುಡುಗಿಯ ಎದೆಗೆ ಸ್ಟೆತಸ್ಕೋಪ್ ಇಟ್ಟು ಬಹಳ ಹೊತ್ತು ಕೇಳಿದಳು. ಹೃದಯದಲ್ಲಿ ತೂತಿರಬೇಕು, ಹುಬ್ಬಳ್ಳಿಯಲ್ಲಿ ತೋರಿಸಿ, ಆಪರೇಷನ್ ಆಗುವುದಾದರೆ ನಾನೇ ಮಾಡಿಸುತ್ತೇನೆ ಎಂದಳು. ನಾನು ಅದನ್ನು ಕನ್ನಡದಲ್ಲಿ ಹೇಳಿದೆ. ಆಗುವುದಾದರೆ ಎಂಬುದನ್ನೂ ಒತ್ತಿ ಹೇಳಿದೆ. ಅದು ಅಜ್ಜಿಯ ಕಿವಿಗೆ ಬಿದ್ದಂತೆ ಕಾಣಲಿಲ್ಲ.

ಅವಳು ಡಾಕ್ಟರ ಅಂಗಿಯ ತುದಿ ಹಿಡಿದು, "ಇವರದೊಂದು ಬಟ್ಟೆ ಕೊಡ್ಲಿ" ಎಂದಳು. ನಾನು ತಿಳಿಸಿದ್ದೇ ತಡ, ತಂಡದವರೆಲ್ಲ ಮರುಕದಿಂದ ಮುಖ ಮುಖ ನೋಡಿಕೊಂಡರು. ಮರುದಿನ ಪ್ಲಾಸ್ಟಿಕ್ ಕವರು ಬಿಚ್ಚದ ಟೀ ಶರ್ಟುಗಳ ಒಂದು ಕಟ್ಟೇ ಬಂತು. ಅಜ್ಜಿ ಮುಟ್ಟಿ ನೋಡಿ ಬದಿಗಿಟ್ಟಳು.

"ಹೊಸತು ಎಂತಕ್ಕೆ ಅಕ್ಕೋರೆ? ಕೌದಿ ಹೊಲಿಯುಕೆ ಅಲ್ದಾ ನಾ ಕೇಳಿದ್ದು? ಮೈ ಮೇಲೆ ಹಾಕಿ ಹಾಕಿ ಮೆತ್ತಗಾದದ್ದು ಬೇಕು. ಮಗು ನಮ್ಮದು ಅಂದವರೆಲ್ಲರ ಬಟ್ಟೆ ಅದ್ರಲ್ಲಿ ಇರ್ಬೇಕು."

ಹಳೆ ಬಟ್ಟೆಯ ತುಂಡುಗಳನ್ನು ಸೀರೆಯೊಂದರ ಮೇಲೆ ಹೊಲಿದರೆ ಕೌದಿ. ಹುಡುಗಿಯ ತಾಯಿಯ ಸೀರೆಯನ್ನು ಅಜ್ಜಿ ಅದಕ್ಕೆಂದೇ ಎತ್ತಿಟ್ಟಿದ್ದಳು. ಸೀರೆ ಮಡಚಿ ಹಾಸಿದರೆ ಮಗುವಿನ ಅಳತೆ, ಬಿಚ್ಚಿ ಹಾಸಿದರೆ ದೊಡ್ಡವರದು. "ಹುಬ್ಬಳ್ಳಿಗೆ ಹೋಗಿ ಬಂದ ಮೇಲೆ ಹೊಲಿಯುಕೆ ಕೂರ್ತೆ. ದೊಡ್ಡದೇ ಹೊಲಿತೆ. ಗಂಡನ ಮನೆಗೆ ತಕಂಡು ಹೋಗ್ಲಿ" ಎಂದು ನಕ್ಕಳು. ನಾನು ಡಾಕ್ಟರಿಗೆ ಬಿಡಿಸಿ ಹೇಳಿದೆ. ಅವಳು ಕೊರಳಲ್ಲಿದ್ದ ಬಣ್ಣಗೆಟ್ಟ ಸ್ಕಾರ್ಫನ್ನು ತೆಗೆದು ಕೊಟ್ಟಳು. ನನ್ನದೂ ಒಂದು ಹಳೆ ಕಾಟನ್ ಸೀರೆ ಅಜ್ಜಿಯ ಬಟ್ಟೆ ಗಂಟಿಗೆ ಸೇರಿತು.

ತಂಡ ಹೊರಟುಹೋದ ಮೇಲೆ ಅಜ್ಜಿ, ಹುಡುಗಿ, ನಾನು ಹುಬ್ಬಳ್ಳಿಗೆ ಹೋದೆವು. ಹುಡುಗಿ ಬಸ್ಸಿನ ಕಿಟಕಿಗೆ ಮೂಗೊತ್ತಿ, ಲಾರಿಗಳ ಹಿಂದೆ ಬರೆದದ್ದನ್ನೆಲ್ಲ ಓದಿ ಹೇಳುತ್ತ ದಾರಿಯುದ್ದಕ್ಕೂ ನನ್ನ ತಲೆ ತಿಂದಳು. ತಪ್ಪು ಓದಿದಾಗಲೆಲ್ಲ ನಾನು ಹಳೇ ಚಾಳಿಯಂತೆ ಗದರಿಸಿ ತಿದ್ದಿದೆ. ಸ್ಕ್ಯಾನ್ ಮಾಡಿದ ಡಾಕ್ಟರು ಅವರಿಬ್ಬರನ್ನೂ ಹೊರಗೆ ಕೂರಿಸಿ ನನ್ನೊಡನೆ ಮಾತಾಡಿದರು. ತೂತು ಹುಟ್ಟಿದಾಗಿನದು, ಕೂಸಿದ್ದಾಗಲೇ ಮುಚ್ಚಬೇಕಿತ್ತು. ಈಗ ಶ್ವಾಸಕೋಶದ ರಕ್ತನಾಳಗಳು ಕೆಟ್ಟಿವೆ, ಮುಚ್ಚಲು ಹೋದರೆ ಜೀವಕ್ಕೇ ಅಪಾಯ. ಮಾತ್ರೆ ಕೊಡೋಣ, ಎಷ್ಟು ದಿನ ಅಂತ ಹೇಳಲಿಕ್ಕಾಗದು ಎಂದರು.

ನಮ್ಮ ಡಾಕ್ಟರಮ್ಮನನ್ನೂ ಕೇಳಿ ಹೇಳುತ್ತೇನೆ ಎಂದು ಅಜ್ಜಿಯನ್ನು ಊರಿಗೆ ಮುಟ್ಟಿಸಿ, ರಿಪೋರ್ಟನ್ನು ಹೊರದೇಶದ ಡಾಕ್ಟರಿಗೆ ಕಳಿಸಿದೆ. ಅವಳೇ ಫೋನ್ ಮಾಡಿ, ಅವರು ಹೇಳಿದ್ದು ಸರಿ ಎಂದು ಅತ್ತಳು. ಪ್ರಾರ್ಥಿಸೋಣ ಎಂದಳು. ಪ್ರಾರ್ಥನೆ ನನಗೆ ಹೊಸದಲ್ಲ, ಮಂಡಿಯೂರಿಯೇ ಬೆಳೆದವಳು ನಾನು. ಆದರೂ ಅವತ್ತು ವಿಪರೀತ ಸಿಟ್ಟು ಬಂತು. ಯಾರಿಗೆ ಬೈಯಲಿ? ಅವಳಿಗಾ, ದೇವರಿಗಾ, ಇಷ್ಟು ವರ್ಷ ಆ ಮಗುವಿನ ಎದೆಗೆ ಕಿವಿಗೊಡದ ನಮ್ಮೆಲ್ಲರಿಗಾ? ಅವಳಿಗೆ ದೂರ ಕೂತು ಅಳುವ ಅವಕಾಶವಾದರೂ ಇತ್ತು. ಅಜ್ಜಿಯ ಮುಂದೆ ಹೋಗಿ ನಿಲ್ಲಬೇಕಾದವಳು ನಾನು.

ಭಾನುವಾರ ಆರಾಧನೆ ಮುಗಿಸಿ ಯಲ್ಲಾಪುರದ ಬಸ್ಸು ಹತ್ತಿದೆ. ಅಜ್ಜಿ ಅಂಗಳದಲ್ಲಿ ಬಟ್ಟೆ ತುಂಡುಗಳನ್ನು ಹರವಿಕೊಂಡು ಕೂತಿದ್ದಳು. ಮೊಮ್ಮಗಳು ಆಚೆ ಬದಿಯಲ್ಲಿ ಬೆಕ್ಕಿನ ಮರಿಯನ್ನು ಎದುರಿಗೆ ಕೂರಿಸಿಕೊಂಡು, ನನ್ನ ಹಾಗೆಯೇ ಗದರಿಸುತ್ತ ಪಾಠ ಹೇಳುತ್ತಿದ್ದಳು. ಅಜ್ಜಿಯ ಪಕ್ಕ ಕೂತು ಮೆಲ್ಲಗೆ ಹೇಳಿದೆ: ಆಪರೇಷನ್ ಆಗುವುದಿಲ್ಲ, ಮಾತ್ರೆ ಇದೆ. ಎಷ್ಟು ದಿನ ಎಂಬ ಮಾತನ್ನು ಬಿಟ್ಟುಬಿಟ್ಟೆ.

ಅಜ್ಜಿ ಅಳಲಿಲ್ಲ. ಮಗಳ ಸೀರೆಯನ್ನು ಕೈಗೆತ್ತಿಕೊಂಡಳು.

"ಬಿಚ್ಚಿ ಹಾಸ್ಲಾ ಅಕ್ಕೋರೆ, ಮಡಚಿ ಹಾಸ್ಲಾ?"

"ಬಿಚ್ಚಿಯೇ ಹಾಸಿ ಅಜ್ಜಿ" ಎಂದೆ, ಬೇಕಾದ್ದಕ್ಕಿಂತ ಜೋರಾಗಿ.

ಅವಳು ನನ್ನ ಮುಖವನ್ನೇ ನೋಡಿದಳು. ಆಮೇಲೆ ಸೀರೆಯನ್ನು ಮಡಚಿದಳು. ಇನ್ನೊಮ್ಮೆ ಮಡಚಿ ನೆಲಕ್ಕೆ ಹಾಸಿ, ಡಾಕ್ಟರ ಸ್ಕಾರ್ಫನ್ನು ಒಂದು ಮೂಲೆಗಿಟ್ಟು, ಪೋಣಿಸಲೆಂದು ಸೂಜಿ ದಾರವನ್ನು ನನ್ನ ಕೈಗೆ ಕೊಟ್ಟಳು. ಪೋಣಿಸಿ ಕೊಟ್ಟೆ. ಅವಳು ಹೊಲಿಯತೊಡಗಿದಳು. ಬಟ್ಟೆ ಜಾರದಂತೆ ಆಚೆಯ ತುದಿಯನ್ನು ಹಿಡಿದುಕೊಂಡು ನಾನು ಕೂತೆ.